ಅಂಗಳವೇ ಸಾಕಲ್ವಾ?

ವಸ್ತು ಹುಡುಕುವ ಆಟ ಮಕ್ಕಳ ಕಲಿಕೆಗೂ ಥೆರಪಿಗೂ ಒಳ್ಳೆಯದು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಪ್ಪಿದೆ. ಆದರೆ ಬಣ್ಣದ ಚಿತ್ರಪಟ್ಟಿ ಪ್ರಿಂಟ್ ಹಾಕಿಸಿ, ಆಟಿಕೆ ಕೊಂಡು ತನ್ನಿ ಅನ್ನೋದು ಸ್ವಲ್ಪ ಜಾಸ್ತಿಯಾಯಿತು. ನಮ್ಮ ಕಾಸರಗೋಡಿನ ಕಡೆ ಅಂಗಳಕ್ಕೆ ಇಳಿದರೆ ಸಾಕು. ಒರಟು ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು), ನುಣುಪಾದ ಅಡಿಕೆ ಹಾಳೆ, ಅಂಟುವ ಹಲಸು, ಹುಡುಕಿ ಮುಟ್ಟಿ ನೋಡೋದಕ್ಕೆ ಎಲ್ಲ ಅಲ್ಲೇ ಇದೆ. ಅಂಟು ಅಂದರೆ ಆಗದ ಮಕ್ಕಳಿಗೆ ಒತ್ತಾಯ ಬೇಡ, ಮೊದಲು ಕಡ್ಡಿಯಲ್ಲಿ ಮುಟ್ಟಲಿ.

ಹುಣಸೆ ಬೀಜವನ್ನು ಹೆಬ್ಬೆರಳು, ತೋರುಬೆರಳಲ್ಲಿ ಹೆಕ್ಕಿ ಗೆರಟೆಗೆ (ತೆಂಗಿನ ಚಿಪ್ಪಿಗೆ) ಹಾಕಿಸಿ. ಪೆನ್ಸಿಲ್ ಹಿಡಿಯುವುದಕ್ಕೆ ಬೇಕಾದ ಬೆರಳಿನ ಹಿಡಿತಕ್ಕೆ ಅದು ನೆರವಾಗುತ್ತದೆ. (ಬಾಯಿಗೆ ಹಾಕುವ ಮಕ್ಕಳಿಗೆ ಬೀಜ ಬೇಡ. ಗುಲಗಂಜಿಯಂತೂ ಯಾರಿಗೂ ಬೇಡ, ಅದು ವಿಷ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ.)

“ತುಳಸಿಕಟ್ಟೆಯ ಹಿಂದೆ ಹೋಗು, ಹಾಳೆಯ ಕೆಳಗೆ ನೋಡು” ಅಂದರೆ ಮಗು ಎರಡು ಮಾತು ನೆನಪಿಡಬೇಕು, ಹಿಂದೆ-ಕೆಳಗೆ ಗೊತ್ತಾಗಬೇಕು. ಇದನ್ನು ಮನೆಮಾತಿನಲ್ಲೇ ಹೇಳಿ, ತುಳುವೋ ಮಲಯಾಳವೋ ಕನ್ನಡವೋ. ಎರಡು ಮೂರು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುತ್ತದೆ ಅನ್ನೋದು ಸುಮ್ನೆ ಹೆದರಿಕೆ.

ಗಡಿಯಾರ ಇಟ್ಟು ಸ್ಪರ್ಧೆ ಮಾಡಿಸಿ ಅಂದಿದ್ದೀರಲ್ಲ, ಅದು ಮಾತ್ರ ಹಿಡಿಸಲಿಲ್ಲ. ನಿಧಾನದ ಮಗು ಅಲ್ಲೇ ಆಟ ಬಿಟ್ಟು ಕೂರುತ್ತದೆ.