ಎರಡು ಸಾವಿರಕ್ಕೆ ಊರ ತುಂಬ ಆಡಿಟರು

ಸರಕಾರದ ರೊಕ್ಕಕ್ಕೆ ಲೆಕ್ಕ ಕೇಳುವವರೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರನ್ನು ಸೀದಾ ನಮ್ಮ ಕಡೆ ಕರೆದುಕೊಂಡು ಬನ್ನಿ. ಅಣ್ಣಿಗೇರಿಯ ಹತ್ತಿರ ಇಳಿದರೂ ಸರಿ, ಕುಂದಗೋಳದ ಕಡೆ ಹೊರಳಿದರೂ ಸರಿ. ಯಾವುದಾದರೂ ಊರಿನ ಚಹಾದಂಗಡಿಯಲ್ಲಿ ಅರ್ಧ ತಾಸು ಕೂತರೆ ಸಾಕು. ಯಾರ ಮನೆಗೆ ಗೃಹಲಕ್ಷ್ಮಿ ರೊಕ್ಕ ಬಂತು, ಅದು ಯಾವ ತಿಂಗಳದ್ದು, ಅದರಲ್ಲಿ ಆಕೆ ಏನು ತಂದಳು, ಯಾಕೆ ತಂದಳು, ಹಾಗೆ ತರಬಾರದಿತ್ತು ಎಂಬುದೆಲ್ಲ ತಿಳಿಯುತ್ತದೆ. ಮಹಾಲೇಖಪಾಲರ ವರದಿ ಬರಲು ವರ್ಷಗಟ್ಟಲೆ ಹಿಡಿಯುತ್ತದೆ. ಇಲ್ಲಿ ಚಹಾ ಆರುವುದರೊಳಗೆ ವರದಿ ಸಿದ್ಧ.

ಗೃಹಲಕ್ಷ್ಮಿಗೆ ಮೈಸೂರಿನಲ್ಲಿ ಚಾಲನೆ ಸಿಕ್ಕಿದ್ದು 2023ರ ಆಗಸ್ಟ್ 30ರಂದು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ನೇರ ಬ್ಯಾಂಕ್ ಖಾತೆಗೆ. ನಡುವೆ ಯಾರೂ ಕೈ ಹಾಕುವಂತಿಲ್ಲ ಎಂಬುದೇ ಅದರ ಹೆಗ್ಗಳಿಕೆ. ನಿಜ, ರೊಕ್ಕ ಬರುವ ದಾರಿಯಲ್ಲಿ ಯಾರೂ ಇಲ್ಲ. ಎಲ್ಲರೂ ಅದು ಬಂದು ಮುಟ್ಟುವ ಬಾಗಿಲಲ್ಲಿ ನಿಂತಿದ್ದಾರೆ.

ಆಡಿಟ್ ಶುರುವಾಗುವುದು ಮನೆಯೊಳಗೇ. ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಇರುವುದು ಬಹಳ ಮನೆಗಳಲ್ಲಿ ಅತ್ತೆಯ ಹೆಸರು. ಯೋಜನೆಗೆ ಮೊದಲು ಟಿವಿಯವರು 'ಅತ್ತೆಗೋ ಸೊಸೆಗೋ' ಎಂದು ದಿನಾ ಜಗಳ ಹಚ್ಚುತ್ತಿದ್ದರು, ನೆನಪಿದೆ ಅಲ್ವಾ? ಹಳ್ಳಿಯ ಮನೆಗಳು ಅದನ್ನು ತಮ್ಮ ಪಾಡಿಗೆ ಬಗೆಹರಿಸಿಕೊಂಡವು. ಅತ್ತೆಯ ಖಾತೆಗೆ ರೊಕ್ಕ, ಸೊಸೆಯ ಕೈಗೆ ಸಂತೆ ಚೀಲ. ಸಂತೆಯಿಂದ ಬಂದ ಮೇಲೆ ಅತ್ತೆ ಲೆಕ್ಕ ಕೇಳುತ್ತಾಳೆ. ಗಂಡ ಮತ್ತೆ ಕೇಳುತ್ತಾನೆ. ಮಾವ ಕೇಳುವುದಿಲ್ಲ, ಸುಮ್ನೆ ಕೆಮ್ಮುತ್ತಾನೆ. ಗಂಡನ ಕೂಲಿಯಲ್ಲಿ ಸಂಜೆ ಹೊತ್ತು ಎಷ್ಟು ಕರಗಿತು ಎಂಬುದಕ್ಕೆ ಮಾತ್ರ ಆಡಿಟ್ ಇಲ್ಲ. ಅದು ಅವನ ಖಾಸಗಿ ವಿಷಯ.

ಹೊರಗೆ ಕಟ್ಟೆಯಿದೆ. ಕಟ್ಟೆಯ ದೂರು ಒಂದೇ. "ಎರಡ ಸಾವಿರ ಕೊಟ್ಟು ಹೆಣ್ಮಕ್ಕಳನ್ನ ಹಾಳ ಮಾಡಿದ್ರು ನೋಡ್ರಿ. ಹೆಸರುಕಾಯಿ ಬಿಡಸಾಕ ಒಬ್ರೂ ಬರವಲ್ರು." ಇದನ್ನು ಹೇಳುವ ಗೌಡರು ಬೆಳಿಗ್ಗೆ ಎಂಟಕ್ಕೆ ಕಟ್ಟೆಗೆ ಬಂದವರು. ಹನ್ನೊಂದಾದರೂ ಎದ್ದಿಲ್ಲ. ಸೋಮಾರಿತನದ ಬಗ್ಗೆ ಮಾತಾಡಬೇಕೆಂದರೆ ಅಷ್ಟು ಹೊತ್ತು ಬೇಕೇ ಬೇಕು.

ನಾನು ಲೆಕ್ಕದಲ್ಲಿ ಅಷ್ಟೇನೂ ಜಾಣನಲ್ಲ. ಆದರೂ ಇದು ಬೆರಳಲ್ಲಿ ಎಣಿಸುವಷ್ಟೇ ಇದೆ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಎರಡು ಸಾವಿರ ಎಂದರೆ ಐದೂವರೆ ದಿನದ ಕೂಲಿಯೂ ಪೂರ್ತಿ ಆಗುವುದಿಲ್ಲ. ಅಷ್ಟರಲ್ಲಿ ಮನೆಮಂದಿಯನ್ನೆಲ್ಲ ಸಾಕಿ, ಮೂವತ್ತು ದಿನ ಕಾಲು ಚಾಚಿ ಮಲಗುವ ವಿದ್ಯೆ ಈ ಹೆಂಗಸರಿಗೆ ಗೊತ್ತಿದ್ದರೆ ಅವರನ್ನು ಹೆಸರುಕಾಯಿ ಬಿಡಿಸಲು ಯಾಕೆ ಕರೆಯುತ್ತೀರಿ? ವಿಧಾನಸೌಧದ ಹಣಕಾಸು ಇಲಾಖೆಗೆ ಕಳಿಸಿ. ಅಲ್ಲಿ ಇಂಥವರ ಅಗತ್ಯ ಬಹಳ ಇದೆ.

ಬದಲಾದದ್ದು ಬೇರೆಯೇ. ಗೌಡರಿಗೂ ಅದು ಗೊತ್ತು, ಬಾಯಿಬಿಟ್ಟು ಹೇಳುವುದಿಲ್ಲ. ಮೊದಲು ಕೂಸಿಗೆ ಜ್ವರ ಬಂದರೆ ಅದೇ ಗೌಡರ ಮನೆಗೆ ಹೋಗಿ ಐನೂರು ಕೈಗಡ ತರಬೇಕಿತ್ತು. ಕೈಗಡ ತಂದವಳು ಸುಗ್ಗಿಯಲ್ಲಿ ಕರೆದ ದಿನ ಬರಬೇಕು. ಕೊಟ್ಟಷ್ಟು ಕೂಲಿಗೆ ಬರಬೇಕು. ತನಗೇ ಜ್ವರವಿದ್ದರೂ ಬರಬೇಕು. ಈಗ ಆಕೆ "ಇವತ್ತ ಆಗೂದಿಲ್ರಿ ಗೌಡ್ರ, ನಾಳೆ ನೋಡೋಣು" ಎನ್ನುತ್ತಾಳೆ. ಅಷ್ಟೇ ಆದದ್ದು. ಈ ಒಂದು ಮಾತಿಗೆ ಕಟ್ಟೆ ಎರಡು ವರ್ಷದಿಂದ ಕುದಿಯುತ್ತಿದೆ.

2011ರಲ್ಲಿ ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ 'ಸೇವಾ' ಮಹಿಳಾ ಸಂಘಟನೆಯವರು ಯುನಿಸೆಫ್ ನೆರವಿನಿಂದ ಇಂಥದ್ದೇ ಒಂದು ಪ್ರಯೋಗ ಮಾಡಿದರು. ತಿಂಗಳಿಗೆ ದೊಡ್ಡವರಿಗೆ 200, ಮಕ್ಕಳಿಗೆ 100 ರೂಪಾಯಿ. ಷರತ್ತು ಏನೂ ಇಲ್ಲ. ಜನ ಕುಡಿದು ಮಲಗುತ್ತಾರೆ ಎಂದು ಕಾದವರಿಗೆ ನಿರಾಸೆಯಾಯಿತು. ಕೂಲಿ ಬಿಟ್ಟವರು ತಮ್ಮದೇ ತುಂಡು ಹೊಲದಲ್ಲಿ ದುಡಿಯತೊಡಗಿದರು. ಈ ಸಂಗತಿಯನ್ನು ಕಟ್ಟೆಯಲ್ಲಿ ಹೇಳಿ ನೋಡಿದೆ. "ಅವರ ಹೊಲಕ್ಕ ಅವರ ಹೋದ್ರ ನಮ್ಮ ಹೊಲಕ್ಕ ಯಾರ ಬರಬೇಕು?" ಎಂದರು. ಪ್ರಾಮಾಣಿಕ ಉತ್ತರ. ನಾನೂ ಸುಮ್ಮನಾದೆ.

ಇನ್ನು ಪತ್ರಿಕೆ, ಟಿವಿಯವರ ಆಡಿಟ್. ಅದು ಭಾಳ ಪ್ರೀತಿಯ ಆಡಿಟ್, ಆದ್ದರಿಂದಲೇ ತಪ್ಪಿಸಿಕೊಳ್ಳುವುದು ಕಷ್ಟ. ಅವರಿಗೆ ಒಂದು 'ಯಶೋಗಾಥೆ' ಬೇಕು. ಕಂತು ಕೂಡಿಟ್ಟು ಫ್ರಿಜ್ ತಂದವಳು, ಮಗನಿಗೆ ಬೈಕು ಕೊಡಿಸಿದವಳು, ಬೆಳಗಾವಿ ಜಿಲ್ಲೆಯಲ್ಲಿ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ ಅಜ್ಜಿ. ನಮ್ಮ ಗದಗ ಜಿಲ್ಲೆಯ ಗಜೇಂದ್ರಗಡದಲ್ಲಂತೂ ಅತ್ತೆ-ಸೊಸೆ ಸೇರಿ ಬೋರ್‌ವೆಲ್ಲನ್ನೇ ಕೊರೆಸಿದರು. ಅವರ ಛಾತಿಗೆ ನನ್ನದೂ ಒಂದು ಶರಣು. ಆದರೆ ಫ್ರಿಜ್ಜಿನ ಫೋಟೋ ಅಚ್ಚಾದ ದಿನದಿಂದ ಉಳಿದವರಿಗೆ ಪೇಚು ಶುರುವಾಯಿತು. ಬಡವಿಗೆ ಬಂದ ರೊಕ್ಕ ಸಾರ್ಥಕವಾಯಿತು ಎನ್ನಬೇಕಾದರೆ ಆಕೆ ಅದನ್ನು ವರ್ಷಗಟ್ಟಲೆ ಮುಟ್ಟಬಾರದು! ಹಸಿವಾದಾಗ ಖರ್ಚು ಮಾಡಿದರೆ ಅದು ಸುದ್ದಿಯಲ್ಲ.

ಕ್ಯಾಮೆರಾದವರು ಬಂದಾಗ ನಡೆಯುವ ಮಾತುಕತೆ ಸುಮಾರಾಗಿ ಹೀಗಿರುತ್ತದೆ.

"ಗೃಹಲಕ್ಷ್ಮಿ ರೊಕ್ಕದಾಗ ಏನ್ ತಂದ್ರಿ ಅವ್ವಾರ?"

"ಒಳ್ಳೆಣ್ಣಿ ತಂದೆ."

"ಅದಲ್ರಿ, ದೊಡ್ಡದು ಏನರ?"

"ದೊಡ್ಡ ಡಬ್ಬೀನ ತಂದೇನಿ."

"ಅದ್ರ ಬಿಟ್ಟು?"

"ನಮ್ಮನಿಯವರದು ಬಿಪಿ ಗುಳಗಿ. ಕಿರಾಣಿ ಅಂಗಡಿ ಉದ್ರಿ. ಸಣ್ಣಾಕಿಗೆ ಸಾಲಿ ಬೂಟು. ಸಾಕಲ್ರಿ?"

ಸಾಕಾಗುವುದಿಲ್ಲ. ಕ್ಯಾಮೆರಾ ಫ್ರಿಜ್ ಹುಡುಕಿಕೊಂಡು ಮುಂದಿನ ಓಣಿಗೆ ಹೋಗುತ್ತದೆ. ಉದ್ರಿ ಹರಿದ ಸುಖ ಯಾವ ಲೆನ್ಸಿಗೂ ಕಾಣುವುದಿಲ್ಲ ನೋಡಿ. ಉದ್ರಿಯಲ್ಲಿ ಒಯ್ಯುವವಳು ಅಂಗಡಿಯವನು ಕೊಟ್ಟ ಬೇಳೆ ತಗೊಂಡು ಬರಬೇಕು. ಅದರಲ್ಲಿ ಹುಳ ಇದ್ದರೂ ಅದು ಅವಳ ನಸೀಬು. ಕೈಯಲ್ಲಿ ರೊಕ್ಕ ಇದ್ದರೆ "ಇದ ಬ್ಯಾಡ, ಆ ಚೀಲದಾಗಿಂದ ಕೊಡು" ಎಂದು ಬೆರಳು ತೋರಿಸಬಹುದು. ಅದೇ ಅಂಗಡಿಯವನು ಈಗ ಆಕೆಗೆ "ಬರ್ರಿ ಅಕ್ಕಾರ" ಎನ್ನುತ್ತಾನೆ. ಹೋದ ವರ್ಷದ ತನಕ "ಏನಬೇ?" ಎನ್ನುತ್ತಿದ್ದ.

ಅಂದಹಾಗೆ, ಸರಕಾರಿ ನೌಕರರಿಗೆ ಏಳನೇ ವೇತನ ಆಯೋಗದ ಹೆಚ್ಚಳ 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಮೂಲ ವೇತನದ ಹೆಚ್ಚಳವೇ ಶೇ. 27.5. ಧಾರವಾಡದ ಸಪ್ತಾಪುರದಲ್ಲಿ ಯಾರಾದರೂ ವರದಿಗಾರರು ಮೈಕ್ ಹಿಡಿದು ಬಾಗಿಲು ಬಡಿದರೇ? 'ತುಟ್ಟಿಭತ್ಯೆ ಕೂಡಿಟ್ಟು ಫ್ರಿಜ್ ಕೊಂಡ ಗುಮಾಸ್ತರು: ಹೃದಯ ಮುಟ್ಟುವ ಕಥೆ' ಎಂದು ಎಲ್ಲಾದರೂ ಓದಿದಿರಾ? ಸಂಬಳ ಜಾಸ್ತಿಯಾಗಿ ಮೇಷ್ಟ್ರುಗಳು ಸೋಮಾರಿಗಳಾದರು ಎಂದು ಕಟ್ಟೆಯಲ್ಲೂ ಯಾರೂ ಅನ್ನಲಿಲ್ಲ. ದೆಹಲಿಯಲ್ಲಿ 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ಮೂಲ ತೆರಿಗೆ ದರವನ್ನು ಶೇ. 30ರಿಂದ 22ಕ್ಕೆ ಇಳಿಸಿದರು. ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ವರಮಾನ ಬಿಟ್ಟುಕೊಟ್ಟಂತೆ ಎಂದು ಸರಕಾರವೇ ಆಗ ಅಂದಾಜು ಹೇಳಿತ್ತು. ಆ ರೊಕ್ಕದಲ್ಲಿ ಕಂಪನಿಗಳು ದೊಡ್ಡ ಡಬ್ಬಿ ತಂದವೋ ಸಣ್ಣ ಡಬ್ಬಿ ತಂದವೋ, ಕೇಳುವ ಧೈರ್ಯ ಯಾವ ಅತ್ತೆಗೂ ಇಲ್ಲ.

ಎಲ್ಲರಿಗಿಂತ ಶಿಸ್ತಿನ ಆಡಿಟರು ಎಂದರೆ ವಾರದ ಸಾಲದವರು. ರೊಕ್ಕ ಬಂದ ಮೆಸೇಜನ್ನು ಆಕೆ ಯಾರಿಂದಾದರೂ ಓದಿಸಿಕೊಳ್ಳುವ ಮೊದಲೇ ಅವರ ಬೈಕು ಓಣಿಯಲ್ಲಿ ನಿಂತಿರುತ್ತದೆ. ಅವರು "ಏನು ತಂದಿರಿ" ಎಂದು ಕೇಳುವುದಿಲ್ಲ, ತರಲು ಬಿಟ್ಟರೆ ತಾನೇ? 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಂಗಸರು ಈ ವಸೂಲಿಯ ಕಾಟ ತಾಳಲಾರದೆ ಮುಖ್ಯಮಂತ್ರಿಗೆ ತಾಳಿಯನ್ನೇ ಅಂಚೆಯಲ್ಲಿ ಕಳಿಸಿದರು. ಫೆಬ್ರವರಿಯಲ್ಲಿ ಇಂಥ ವಸೂಲಿಗೆ ಕಡಿವಾಣ ಹಾಕುವ ಸುಗ್ರೀವಾಜ್ಞೆ ಬಂತು. ಇದರ ಬಗ್ಗೆ ನಗೆಚಾಟಿಕೆ ಮಾಡಲು ನನಗೆ ಮನಸ್ಸಿಲ್ಲ.

ಬ್ಯಾಂಕಿನ ಕತೆ ನಿಮಗೆ ಗೊತ್ತೇ ಇದೆ. ಆಧಾರ್‌ನಲ್ಲಿ ಫಕ್ಕೀರವ್ವ, ರೇಷನ್ ಕಾರ್ಡಿನಲ್ಲಿ ಫಕೀರಮ್ಮ. ಹಾಗಾಗಿ ಒಬ್ಬಳೇ ಹೆಂಗಸು ಇಬ್ಬರಾಗಿ, ಇಬ್ಬರಿಗೂ ರೊಕ್ಕ ಇಲ್ಲ. ಹೊಲದ ಕೆಲಸದಲ್ಲಿ ಸವೆದ ಹೆಬ್ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಕೆಲಸ ಮಾಡುವುದಿಲ್ಲ ಎಂದು ಕಟ್ಟೆ ಹೇಳುತ್ತದೆ, ಕೆಲಸ ಮಾಡಿ ಗೆರೆಯೇ ಅಳಿಸಿದೆ ಎಂದು ಯಂತ್ರ ಹೇಳುತ್ತದೆ. ಕೊನೆಗೆ ಕೌಂಟರಿನಾಚೆಯಿಂದ "ನಿಮ್ದು ಎನ್‌ಪಿಸಿಐ ಆಗಿಲ್ಲಮ್ಮ" ಎಂಬ ಮಾತು ಬರುತ್ತದೆ. ಸರಕಾರದ ರೊಕ್ಕ ಬರಬೇಕಾದ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ ಎಂದು ಅದರ ಅರ್ಥ. ಡಾಕ್ಟರು ಹೇಳಿದ ರೋಗದ ಹೆಸರಿನಂತೆ ಅದನ್ನು ಬಾಯಿಪಾಠ ಮಾಡಿಕೊಂಡು ಆಕೆ ಊರಿಗೆ ಮರಳುತ್ತಾಳೆ. ಈಗ ನಮ್ಮ ಹಳ್ಳಿಗಳಲ್ಲಿ ಎನ್‌ಪಿಸಿಐ ಗೊತ್ತಿಲ್ಲದ ಹೆಣ್ಣುಮಗಳು ಸಿಗುವುದು ಕಷ್ಟ. ಖಾತೆಗೆ ಆಧಾರ್ ಜೋಡಿಸುವುದು ಹೇಗೆ, ಯಾವ ಖಾತೆಗೆ ರೊಕ್ಕ ಹೋಗಿ ಕೂತಿದೆ, ಎಲ್ಲ ಅವರೇ ಹೇಳುತ್ತಾರೆ.

ಇಷ್ಟೆಲ್ಲ ಬಿಗಿ ಲೆಕ್ಕದ ನಡುವೆ ಒಂದು ಸಣ್ಣ ಮರೆವು ಆಯಿತು. 2025ರ ಫೆಬ್ರವರಿ, ಮಾರ್ಚ್ ಕಂತುಗಳು ಬರಲೇ ಇಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ನಮ್ಮ ಹುಬ್ಬಳ್ಳಿಯ ಶಾಸಕ ಮಹೇಶ ಟೆಂಗಿನಕಾಯಿ ಪ್ರಶ್ನೆ ಎತ್ತಿದಾಗ ಸದನದಲ್ಲಿ ಗದ್ದಲವಾಯಿತು. ಸಚಿವೆ ಲಕ್ಷ್ಮೀ ಹೆಬ್ಬಾಳಕರ ವಿಷಾದ ಹೇಳಬೇಕಾಯಿತು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಹೆಂಗಸರ ಎರಡು ತಿಂಗಳ ಕಂತು! ಸಂತೆಯಿಂದ ಬಂದ ಸೊಸೆಯ ಕೈಯಲ್ಲಿ ಇಪ್ಪತ್ತು ರೂಪಾಯಿ ಹೆಚ್ಚುಕಡಿಮೆ ಆದರೆ ರಾತ್ರಿ ಊಟದ ತನಕ ಪಂಚಾಯ್ತಿ. ಇಲ್ಲಿ ವಿಷಾದ, ಅಲ್ಲಿಗೆ ಮುಗಿಯಿತು.

ಹಾಗಾಗಿ ನಾನು ಒಂದು ಸಲಹೆ ತಯಾರು ಮಾಡಿದ್ದೆ. ಆಡಿಟ್ ಮಾಡುವುದಾದರೆ ಎಲ್ಲರಿಗೂ ಮಾಡೋಣ. ಸರಕಾರದಿಂದ ಏನೇ ಬಂದರೂ ಕಟ್ಟೆಯ ಮೇಲೆ ನಿಂತು, ಏನು ಮಾಡಿದೆ ಎಂದು ಹೇಳಬೇಕು. ಫ್ರಿಜ್ ತೋರಿಸಬೇಕು. ಪ್ರಯೋಗಕ್ಕೆ ಗೌಡರನ್ನೇ ಹಿಡಿದೆ.

"ಗೌಡ್ರ, ಪಂಪಸೆಟ್ಟಿನ ಕರೆಂಟ ಬಿಲ್ ಎಷ್ಟ ಬರತೈತ್ರಿ?"

"ಎಲ್ಲೀ ಬಿಲ್ರಿ? ಹತ್ತು ಎಚ್‌ಪಿ ತನಕಾ ಫ್ರೀ ಅಲ್ಲೇನು?"

"ಸೊಸೈಟಿ ಸಾಲಕ್ಕ ಬಡ್ಡಿ?"

"ಐದು ಲಕ್ಷದ ತನಕಾ ಬಡ್ಡಿ ಇಲ್ಲ."

"ಮತ್ತ ಪಿಎಂ ಕಿಸಾನ್?"

"ವರ್ಷಕ್ಕ ಆರು ಸಾವಿರ ಬರತೈತಿ." ಗೌಡರು ಸ್ವಲ್ಪ ತಡೆದರು. "ಅದೆಲ್ಲಾ ಬ್ಯಾರೆ ಮಾತ ಬಿಡ್ರಿ. ಅದು ರೈತರ ಹಕ್ಕು."

ಹಕ್ಕು ಎಂಬುದರಲ್ಲಿ ನನಗೂ ತಕರಾರಿಲ್ಲ. ಆದರೂ ಆ ಆರು ಸಾವಿರದಲ್ಲಿ ಏನು ತಂದಿರಿ ಎಂದು ಕೇಳಿದೆ. ಗೌಡರು ಕಿಸೆಯಿಂದ ಮೊಬೈಲ್ ತೆಗೆದರು.

"ತರೂದು ಆಮ್ಯಾಲ ಇರಲಿ, ಈ ಸಲದ ಕಂತ ಬಂದಿಲ್ಲ ನೋಡ್ರಿ. ಏನಾಗೇತಿ ಅಂತ ತಿಳಿವಲ್ದು. ಬ್ಯಾಂಕಿಗೂ ಹೋಗಿ ಬಂದೆ."

ಕೈಯಲ್ಲಿ ಬುತ್ತಿಗಂಟು ಹಿಡಿದು ಹೊಲದ ಕಡೆ ಹೊರಟಿದ್ದ ಹೆಂಗಸೊಬ್ಬಳು ನಿಂತಳು.

"ಗೌಡ್ರ, ಎನ್‌ಪಿಸಿಐ ಮಾಡ್ಸೀರೇನ್ರಿ?"