ಆನೆಕಾಲು ಹುಳುವನ್ನು ಲ್ಯಾಬಿನಲ್ಲಿ ಸಾಕುತ್ತಲೇ ಇರಬೇಕೆ?

ಪರ: ಹುಳುವೇ ಇಲ್ಲದೆ ಮದ್ದು ಹುಡುಕುವುದು ಎಲ್ಲಿ?

ಮದುವೆಯಾದ ಹೊಸದರಲ್ಲಿ ಅತ್ತೆ ಕೇಳಿದ್ದರು, "ಕೆಲಸದಲ್ಲಿ ಏನಮ್ಮಾ ಮಾಡ್ತೀಯ?" "ಹುಳು ಸಾಕ್ತೀನಿ" ಅಂದೆ. ರೇಷ್ಮೆ ಇಲಾಖೆ ಅಂದುಕೊಂಡರು. ಎರಡು ವರ್ಷ ನೆಂಟರಿಗೆಲ್ಲ ಹಾಗೆಯೇ ಹೇಳಿಕೊಂಡು ಬಂದರು. ನಾನೂ ತಿದ್ದಲಿಲ್ಲ.

ನಾನು ಸಾಕುತ್ತಿದ್ದದ್ದು ಬ್ರೂಜಿಯಾ ಮಲಾಯಿ, ಆನೆಕಾಲು ತರುವ ಮೂರು ಹುಳುಗಳಲ್ಲೊಂದು. ಕಲಬುರಗಿ, ಬೀದರ್ ಕಡೆ ಕಾಲು ಊದಿಸುವುದು ಅದರ ಅಣ್ಣ ವುಚೆರೇರಿಯಾ ಬ್ಯಾಂಕ್ರಾಫ್ಟೈ. ಈ ಅಣ್ಣ ಲ್ಯಾಬಿನ ಇಲಿ ಹೆಗ್ಗಣಗಳಿಗೆ ಒಗ್ಗುವುದಿಲ್ಲ, ಅವನಿಗೆ ಮನುಷ್ಯನೇ ಬೇಕು. ತಮ್ಮ ಅಷ್ಟು ಹಟಮಾರಿಯಲ್ಲ, ಮಂಗೋಲಿಯಾದ ಜರ್ಡ್ ಎಂಬ ಸಣ್ಣ ಇಲಿಯಲ್ಲೂ ಬದುಕುತ್ತಾನೆ. ಅದಕ್ಕೇ ಲ್ಯಾಬುಗಳು ತಮ್ಮನನ್ನು ನೆಚ್ಚಿಕೊಂಡಿವೆ.

ಹುಳುವಿನ ಮರಿಗಳಿರುವ ರಕ್ತವನ್ನು ಸೊಳ್ಳೆಗೆ ಕುಡಿಸಬೇಕು. ಹತ್ತು ಹನ್ನೆರಡು ದಿನ ಕಾಯಬೇಕು. ಆಮೇಲೆ ಆ ಸೊಳ್ಳೆಗಳನ್ನು ಜಜ್ಜಿ, ಉಗುರುಬೆಚ್ಚಗಿನ ದ್ರವದಲ್ಲಿ ಜಾಲರಿಯ ಮೇಲೆ ಹರಡಿದರೆ ಮರಿಗಳು ತಾವಾಗಿ ಕೆಳಗಿಳಿಯುತ್ತವೆ. ಒಂದೊಂದೂ ಒಂದೂವರೆ ಮಿಲಿಮೀಟರ್ ಇದ್ದೀತು, ಮಲ್ಲಿಗೆ ದಂಡೆಯಿಂದ ಬಿಚ್ಚಿ ಬಿದ್ದ ನೂಲಿನ ಎಳೆಯ ಹಾಗೆ. ಆದರೆ ಒಂದು ಕ್ಷಣ ಸುಮ್ಮನಿರುವುದಿಲ್ಲ. ಸೊಳ್ಳೆಯ ಮೈಯ ಕೊಳೆ ಹೋಗುವ ತನಕ ತೊಳೆದು, ಗುಳಿಗಳಿರುವ ತಟ್ಟೆಯಲ್ಲಿ ಸೀರಮ್ (ರಕ್ತದ ತಿಳಿ) ಬೆರೆಸಿದ ಮೀಡಿಯಮ್ಮಿಗೆ, ಅಂದರೆ ಪೋಷಕ ದ್ರವಕ್ಕೆ ಬಿಟ್ಟು, 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಇಡುತ್ತಿದ್ದೆವು. ಎಲ್ಲ ಕೂಡಿ ಬಂದರೆ ಎಂಟು ಹತ್ತು ದಿನದ ಮೇಲೆ ಮರಿ ಪೊರೆ ಬಿಡುತ್ತದೆ. ಹಳೆಯ ಪೊರೆ ಗಾಜಿನ ಕೊಳವೆಯ ಹಾಗೆ ತಳದಲ್ಲಿ ಬಿದ್ದಿರುತ್ತದೆ. ಹೀಗೆ ಪೊರೆ ಬಿಡಲು ಅದಕ್ಕೆ ವಿಟಮಿನ್ ಸಿ ಬೇಕು ಎಂದು ಗೊತ್ತಾದದ್ದು ಇಂಥ ತಟ್ಟೆಗಳಿಂದಲೇ.

ಒಂದು ಭಾನುವಾರ ರಾತ್ರಿ ಕರೆಂಟ್ ಹೋಯಿತು, ಜನರೇಟರೂ ಕೈಕೊಟ್ಟಿತು. ಸೋಮವಾರ ಬಾಗಿಲು ತೆಗೆದರೆ ಹುಳಿ ಬಂದ ಇಡ್ಲಿ ಹಿಟ್ಟಿನ ವಾಸನೆ. ಇಪ್ಪತ್ತನಾಲ್ಕು ಗುಳಿಗಳಲ್ಲೂ ಯೀಸ್ಟ್, ಎರಡು ತಿಂಗಳ ಕೆಲಸ ನೀರುಪಾಲು. ಮೂಲೆಯಲ್ಲಿ ಕೂತು ಅತ್ತುಬಿಟ್ಟೆ. ಲ್ಯಾಬ್ ಅಟೆಂಡರ್ ಟೀ ತಂದಿಟ್ಟು, "ಹೋಗ್ಲಿ ಬಿಡಿ ಮೇಡಂ, ಹುಳ ತಾನೇ" ಅಂದ. ಅವನ ಮೇಲೆ ಬಂದಷ್ಟು ಸಿಟ್ಟು ಜನರೇಟರಿನ ಮೇಲೂ ಬಂದಿರಲಿಲ್ಲ.

ಹುಳ ತಾನೇ ಅಂತ ಬಿಡುವ ಹಾಗಿಲ್ಲ. ಊರೂರಿಗೆ ಹಂಚುವ ಡಿಇಸಿ ಮಾತ್ರೆ ರಕ್ತದಲ್ಲಿ ಓಡಾಡುವ ಮರಿಗಳನ್ನು ಕೊಲ್ಲುತ್ತದೆ. ಮೈಯ ನೀರನ್ನು ಸಾಗಿಸುವ ದುಗ್ಧನಾಳದಲ್ಲಿ ಗೂಡು ಕಟ್ಟಿ ಕೂತ ತಾಯಿ ಹುಳುಗಳೆಲ್ಲ ಅದಕ್ಕೆ ಬಗ್ಗುವುದಿಲ್ಲ. ಅವು ಐದರಿಂದ ಎಂಟು ವರ್ಷ ಬದುಕಿ ಮರಿ ಹಾಕುತ್ತಲೇ ಇರುತ್ತವೆ. ಅದಕ್ಕೇ ನಮ್ಮಲ್ಲಿ 2004ರಿಂದ ವರ್ಷ ವರ್ಷವೂ ಮಾತ್ರೆ ಹಂಚಿಕೆ. ತಾಯಿಯನ್ನೇ ಕೊಲ್ಲುವ ಮದ್ದು ಬೇಕು. ಹುಳುವಿನ ಮೈಯೊಳಗೆ ಅದರ ಬಾಳಿಗೆ ಆಸರೆಯಾಗಿರುವ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಇದೆ. ಡಾಕ್ಸಿಸೈಕ್ಲಿನ್ ಕೊಟ್ಟು ಅದನ್ನು ಕೊಂದರೆ ಹುಳು ಬಂಜೆಯಾಗಿ, ನಿಧಾನವಾಗಿ ಸಾಯುತ್ತದೆ. ಆದರೆ ನಾಲ್ಕರಿಂದ ಆರು ವಾರ ದಿನಾ ನುಂಗಬೇಕು, ಬಸುರಿಗೆ, ಎಳೆ ಮಕ್ಕಳಿಗೆ ಕೊಡುವಂತಿಲ್ಲ. ಇದನ್ನೇ ಒಂದು ವಾರಕ್ಕೆ ಇಳಿಸುವ ಮದ್ದನ್ನು ಯಾವುದರ ಮೇಲೆ ಪರೀಕ್ಷಿಸೋಣ? ಜೀವಂತ ಮನುಷ್ಯನ ವೃಷಣದ ನಾಳದಿಂದ ಹುಳು ಕಿತ್ತು ತರೋಣವೇ?

ಮರಿಯಿಂದ ಮರಿಯ ತನಕ ಇಡೀ ಬಾಳನ್ನು ತಟ್ಟೆಯಲ್ಲೇ ಮುಗಿಸಿದವರು ಇನ್ನೂ ಇಲ್ಲ, ನಡುವೆ ಜರ್ಡ್ ಬೇಕೇ ಬೇಕು. ಅದಕ್ಕೆ ಪ್ರಾಣಿದಯೆಯವರು ಮುಖ ಸಿಂಡರಿಸುತ್ತಾರೆ. ಅವರ ಮನೆಯ ಅಟ್ಟದಲ್ಲಿ ಇಲಿಗೆ ಇಟ್ಟ ಅಂಟುಹಲಗೆಯನ್ನು ನಾನು ನೋಡಿದ್ದೇನೆ.

ವಿರೋಧ: ಹುಳು ಇರುವುದು ಚರಂಡಿಯ ಪಕ್ಕದ ಮನೆಯಲ್ಲಿ

ವಿರೋಧ ಬರೆದುಕೊಡಿ ಎಂದರು, ಬರೆಯುತ್ತಿದ್ದೇನೆ. ಆರೋಗ್ಯ ಇಲಾಖೆಯಲ್ಲಿ ರಕ್ತ ತೆಗೆಯುತ್ತ, ಮಾತ್ರೆ ಹಂಚುತ್ತ ನಿವೃತ್ತನಾದವನು ನಾನು. ಹುಳು ಸಾಕುವುದೇ ಬೇಡ ಎನ್ನುವಷ್ಟು ಗಟ್ಟಿಗನಲ್ಲ. ಆದರೂ ತಟ್ಟೆಯ ಹುಳುವಿಗೆ ಎಸಿ ರೂಮು, ವಿಟಮಿನ್ ಸಿ, ಬಾಣಂತನ. ಊರ ಹುಳುವಿಗೆ ತೆರೆದ ಚರಂಡಿ ಎಂದರೆ ಹೊಟ್ಟೆ ಉರಿಯುತ್ತದೆ.

ಒಂದು ಸಂಗತಿ ಹೇಳಿಬಿಡುತ್ತೇನೆ. ಡಿಇಸಿ 1947ರಲ್ಲಿ ಸಿಕ್ಕಿದ್ದು ಹುಳು ಹತ್ತಿದ ಇಲಿಗಳಲ್ಲಿ ಪರೀಕ್ಷಿಸಿ. ಅದೇ ಮದ್ದನ್ನು ತಟ್ಟೆಯಲ್ಲಿರುವ ಮರಿಗಳ ಮೇಲೆ ಸುರಿಯಿರಿ, ಅವು ಆರಾಮಾಗಿ ಈಜಾಡುತ್ತಿರುತ್ತವೆ. ಮೈಯೊಳಗೆ ಹೋಗಿ, ರೋಗ ತಡೆಯುವ ಮೈಯ ಕಾವಲುಗಾರರು ಕೈಜೋಡಿಸಿದರೇ ಅದರ ಆಟ. ತಟ್ಟೆಯನ್ನೇ ನ್ಯಾಯಾಧೀಶ ಮಾಡಿದ್ದರೆ ಡಿಇಸಿ ಅಂದೇ ಕಸದ ಬುಟ್ಟಿಗೆ ಹೋಗುತ್ತಿತ್ತು. ಚೀನಾ 2007ರಲ್ಲಿ, ಶ್ರೀಲಂಕಾ 2016ರಲ್ಲಿ ಈ ರೋಗದ ಕಾಟ ಕಳಚಿಕೊಂಡವು, ಅದೂ ಹಳೆಯ ಮದ್ದುಗಳಿಂದಲೇ. ಹೊಸ ಮದ್ದು ಬಂದಾಗ ಬರಲಿ, ನೋಡೋಣ. ನಾವು 2027ಕ್ಕೆ ಮುಗಿಸುತ್ತೇವೆ ಎಂದು ಹೊರಟವರು, ಕೈಯಲ್ಲಿದ್ದ ಮಾತ್ರೆಯನ್ನು ಬಾಯಿಗೆ ಮುಟ್ಟಿಸುವುದು ಮೊದಲು.

ಅದು ಎಷ್ಟು ಕಷ್ಟ ಎಂದು ಮಾಡಿದವನಿಗೇ ಗೊತ್ತು. ಈ ಹುಳುವಿನ ಮರಿ ಹಗಲು ಶ್ವಾಸಕೋಶದಲ್ಲಿ ಅಡಗಿ, ಸೊಳ್ಳೆ ಕಚ್ಚುವ ಹೊತ್ತಿಗೆ ರಕ್ತಕ್ಕೆ ಬರುತ್ತದೆ. ಹೀಗಾಗಿ ನಮ್ಮ ಸಮೀಕ್ಷೆ ರಾತ್ರಿ. ಕಲಬುರಗಿಯ ಚಿತ್ತಾಪುರದ ಕಡೆ ಹತ್ತು ಗಂಟೆಗೆ ಬ್ಯಾಟರಿ ಹಿಡಿದು ಕದ ಬಡಿದರೆ, ಮೊದಲು ನಾಯಿ ಬರುತ್ತಿತ್ತು, ಆಮೇಲೆ ಮನೆಯವರು. "ಹಗಲಾಗ ಬರ್ರಿ ಸಾಹೇಬ್ರ, ನಡುರಾತ್ರ್ಯಾಗ ರಗತ ಯಾರ್ ಕೊಡ್ತಾರ್ರೀ?"

ಮಾತ್ರೆ ಹಂಚುವಾಗ ಒಬ್ಬ ಮುದುಕಿಯ ಮನೆಗೆ ಹೋಗಿದ್ದೆ. ಎಡಗಾಲು ಮೊಳಕಾಲಿನ ತನಕ ಊದಿ, ಚರ್ಮ ಒಣಗಿದ ಕೆರೆಯ ಮಣ್ಣಿನ ಹಾಗೆ ಬಿರಿದಿತ್ತು. ಬೆರಳ ಸಂದಿಯಲ್ಲಿ ಗಾಯ. ದಿನಾ ಸಾಬೂನು ಹಚ್ಚಿ ತೊಳೆದು ಒರೆಸಿಕೋ ಎಂದು ಹೇಳಿ, ಮಾತ್ರೆ ಕೈಗೆ ಕೊಟ್ಟೆ.

"ಈ ಗುಳಿಗಿ ನುಂಗಿದ್ರ ಕಾಲ ಇಳಿತದೇನಪಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲವ್ವ, ಇಷ್ಟಾದ ಮ್ಯಾಲ ಇಳಿಯಂಗಿಲ್ಲ."

"ಹಂಗಾದ್ರ ಯಾಕ್ ನುಂಗಬೇಕು?"

ಮೊಮ್ಮಗಳು ಬಾಗಿಲಲ್ಲಿ ರೊಟ್ಟಿ ತಿನ್ನುತ್ತ ನಿಂತಿದ್ದಳು. "ಆಕಿ ಸಲುವಾಗಿ" ಅಂದೆ. ಮುದುಕಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಹುಡುಗಿಯನ್ನು ಕರೆದು, ಅವಳ ಪಾಲಿನ ಮಾತ್ರೆಯನ್ನು ಬಾಯಿಗೆ ಹಾಕಿ ನೀರು ಕುಡಿಸಿದಳು. ತನ್ನದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಉಂಡ ಮ್ಯಾಲ ನುಂಗ್ತೀನಿ" ಅಂದಳು.

ಹೊರಗೆ ಇನ್ನೂ ನಲವತ್ತು ಮನೆ ಬಾಕಿ ಇದ್ದವು. ರಿಜಿಸ್ಟರಿನಲ್ಲಿ ಇಬ್ಬರೂ ನುಂಗಿದರು ಎಂದು ಬರೆದುಕೊಂಡೆ.