ಸತ್ಯಾಂಶ: ರಕ್ತ ಬರದಿದ್ದರೆ ಪೆಟ್ಟಾಗಿಲ್ಲ ಎನ್ನುವುದು ತಪ್ಪು

‘ಬೈಕಿನಿಂದ ಬಿದ್ದವರಿಗೆ ರಕ್ತ ಬಂದಿಲ್ಲವೆಂದರೆ ಚಿಂತೆಯಿಲ್ಲ, ನೀರು ಕುಡಿಸಿ ಮನೆಗೆ ಕಳಿಸಿ’ ಎಂಬ ಸಂದೇಶ ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದನ್ನು ನಂಬಿದರೆ ಜೀವಕ್ಕೇ ಅಪಾಯ.

ತಲೆಬುರುಡೆಗೂ ಮೆದುಳಿನ ಹೊದಿಕೆಗೂ ನಡುವೆ ರಕ್ತನಾಳ ಹರಿದರೆ ಹೊರಗೆ ಒಂದು ಹನಿಯೂ ಕಾಣದಿರಬಹುದು. ಗಾಯಾಳು ಎದ್ದು ಕೂತು ಮಾತಾಡುತ್ತಾರೆ, ಚಹಾ ಕೇಳುತ್ತಾರೆ. ಒಳಗೆ ಹೆಪ್ಪುಗಟ್ಟಿದ ರಕ್ತ ಮೆದುಳನ್ನು ಒತ್ತುತ್ತಾ ಹೋದಂತೆ ಕೆಲವೇ ಗಂಟೆಗಳಲ್ಲಿ ಪ್ರಜ್ಞೆ ತಪ್ಪಬಹುದು. ಹೊಟ್ಟೆಯೊಳಗೆ ಗುಲ್ಮ (ಎಡಪಕ್ಕೆಲುಬುಗಳ ಅಡಿಯಲ್ಲಿರುವ ಅಂಗ, ಸ್ಪ್ಲೀನ್) ಸೀಳಿದಾಗಲೂ ಹೀಗೆಯೇ, ಹೊರಗೆ ಗಾಯವಿಲ್ಲದಿರಬಹುದು. ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ತೊದಲು ಮಾತು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಕಿವಿ ಅಥವಾ ಮೂಗಿನಿಂದ ತಿಳಿನೀರು: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಹುಮನಾಬಾದ್ ರಸ್ತೆಯಲ್ಲೋ ಜೇವರ್ಗಿ ಹಾದಿಯಲ್ಲೋ ಬಿದ್ದವರನ್ನು ಆಟೋದಲ್ಲಿ ಮಡಚಿ ಕೂರಿಸಬೇಡಿ, ಕತ್ತು ಅಲುಗದಿರಲಿ. ನೀರೂ ಬೇಡ. ಪ್ರಜ್ಞೆ ಮಂಜಾಗಿದ್ದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು.

ಮನಸ್ಸಿನ ಪೆಟ್ಟೂ ಹೊರಗೆ ಕಾಣದು. ಕೆಟ್ಟ ಕನಸು, ಲಾರಿ ಹಾರ್ನ್ ಕೇಳಿದರೆ ಎದೆಬಡಿತ, ಗಾಡಿ ಮುಟ್ಟಲೂ ಹೆದರಿಕೆ ಒಂದು ತಿಂಗಳು ದಾಟಿದರೂ ಇಳಿಯದಿದ್ದರೆ ಅದು ಪುಕ್ಕಲುತನವಲ್ಲ, ಚಿಕಿತ್ಸೆಯಿರುವ ಕಾಯಿಲೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.